ಧಾರವಾಡ ಸೀಮೆಯಲ್ಲಿ ಮಾನವ ಹಕ್ಕುಗಳ ಓದು: ಕೋರ್ಸು ಹುಡುಕುವ ಮೊದಲು ಪ್ರಶ್ನೆ ಹುಡುಕಿ

ಬಿ.ಎ. ಕೊನೆಯ ಸೆಮಿಸ್ಟರ್ ಮುಗಿಯುತ್ತಿದ್ದಂತೆ ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಒಂದಿಬ್ಬರಾದರೂ ಕೇಳುವ ಮಾತು: "ಸರ್, ಮಾನವ ಹಕ್ಕು ಓದಬೇಕಂತ ಐತ್ರಿ, ಯಾವ ಯೂನಿವರ್ಸಿಟಿ ಚಲೋ?" ಅದರ ಬೆನ್ನಿಗೇ ಮನೆಯವರ ಪ್ರಶ್ನೆ ಬರುತ್ತದೆ: "ಅದನ್ನ ಓದಿದ್ರ ನೌಕರಿ ಏನ್ ಸಿಗತೈತ್ರಿ?" ಎರಡೂ ಕೇಳಬೇಕಾದ ಪ್ರಶ್ನೆಗಳೇ, ಎರಡಕ್ಕೂ ಇಲ್ಲಿ ಉತ್ತರ ಕೊಡುತ್ತೇನೆ. ಆದರೆ ಕಾಲೇಜಿನ ಹೆಸರಿನಿಂದ ಶುರು ಮಾಡುವುದಿಲ್ಲ. ಕೋರ್ಸಿನ ಹೆಸರಿನಲ್ಲಿ ಮಾನವ ಹಕ್ಕು ಎಂದು ಇರಲೇಬೇಕೆಂದು ದೂರದ ಊರಿಗೆ ಹೋಗಿ, ಪರೀಕ್ಷೆಗೆ ಬೇಕಾದಷ್ಟು ಓದಿ ಬಂದವರನ್ನು ನೋಡಿದ್ದೇನೆ. ನವಲಗುಂದದಿಂದ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿ, ಈ ವಿಷಯವನ್ನು ಅರೆದು ಕುಡಿದವರನ್ನೂ ನೋಡಿದ್ದೇನೆ. ಎರಡನೆಯವರ ಕೈಯಲ್ಲಿ ತಮ್ಮದೇ ಊರಿನ ಒಂದು ಪ್ರಶ್ನೆ ಇರುತ್ತಿತ್ತು. ಯಾವ ಪುಸ್ತಕ ತೆರೆದರೂ ಅದಕ್ಕೆ ಉತ್ತರ ಹುಡುಕುತ್ತಿದ್ದರು.

ಮೊದಲ ಹೆಜ್ಜೆ: ಅರ್ಧ ಪುಟದಲ್ಲಿ ನಿಮ್ಮ ಪ್ರಶ್ನೆ

ಪ್ರಾಸ್ಪೆಕ್ಟಸ್ ಕೈಗೆತ್ತಿಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ನಾನು ಕಂಡ ಯಾವ ಅನ್ಯಾಯ ನನ್ನನ್ನು ಈ ವಿಷಯದ ಕಡೆಗೆ ತಂದಿತು? ಅದರಲ್ಲಿ ನನಗೆ ಗೊತ್ತಾಗದೆ ಉಳಿದದ್ದು ಏನು? "ಮಹಿಳೆಯರ ಹಕ್ಕುಗಳು" ಎಂದಷ್ಟೇ ಬರೆದರೆ ಅದು ಪ್ರಶ್ನೆಯಾಗುವುದಿಲ್ಲ. "ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ತೂಕದ ಲೆಕ್ಕದಲ್ಲಿ ಕೊಡುವ ಕೂಲಿ, ದಿನಕ್ಕೆ ಕನಿಷ್ಠ ವೇತನದಷ್ಟು ಆಗುತ್ತದೆಯೇ?" ಎಂದರೆ ಪ್ರಶ್ನೆ. ಇದನ್ನು ಅಳೆಯಬಹುದು, ಕಾನೂನಿನ ಎದುರು ಇಟ್ಟು ನೋಡಬಹುದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದಿಲ್ಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಕಾರರ ಪ್ರಕರಣದಲ್ಲಿ ಹೇಳಿದೆ. ಬ್ಯಾಡಗಿಯ ತಕ್ಕಡಿಗೂ ಆ ತೀರ್ಪಿಗೂ ನಡುವಿನ ದಾರಿಯನ್ನು ನೀವೇ ಹುಡುಕಬೇಕು. ಓದು ಅಂದರೆ ಅದೇ.

ನಮ್ಮ ಜಿಲ್ಲೆಗಳಲ್ಲಿ ಪ್ರಶ್ನೆಗಳಿಗೇನೂ ಕೊರತೆಯಿಲ್ಲ. ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆ ಹೊಲಗಳಲ್ಲಿ ಕೈಯಿಂದ ಒಂದೊಂದೇ ಹೂವಿಗೆ ಕ್ರಾಸಿಂಗ್ (ಪರಾಗಸ್ಪರ್ಶ) ಮಾಡುವ ಕೆಲಸವಿದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನು 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದೆ. ಆದರೆ ಶಾಲೆಯ ವೇಳೆ ಬಿಟ್ಟು ಮನೆಯವರ ಕಸುಬಿಗೆ ನೆರವಾಗಲು ಬಿಟ್ಟಿದೆ. ಕಂಪನಿಯ ಕರಾರಿನ ಮೇಲೆ ಅಪ್ಪ ಬೆಳೆಯುವ ಬೀಜದ ಹೊಲದಲ್ಲಿ ಮಗಳು ಕ್ರಾಸಿಂಗ್‌ಗೆ ಕುಳಿತರೆ ಅದು ಮನೆಯ ಕಸುಬೋ, ಕಂಪನಿಯ ಕೆಲಸವೋ? ಇನ್ನು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ. ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಜಮೀನು ಕೊಡುವುದಿಲ್ಲವೆಂದು ರೈತರು ಎದ್ದು ನಿಂತರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ನಿಂತರು, 2011ರಲ್ಲಿ ಸರ್ಕಾರ ಹಿಂದೆ ಸರಿಯಿತು. 1987ರಲ್ಲಿ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಸಾಮೂಹಿಕ ಭೂಮಿಯ ನೀಲಗಿರಿ ಸಸಿ ಕಿತ್ತು ಜನಕ್ಕೆ ಬೇಕಾದ ಗಿಡ ನೆಟ್ಟ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವಿದೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅದೇ ವಿಷಯವನ್ನು ಸುಪ್ರೀಂ ಕೋರ್ಟಿಗೂ ಒಯ್ದಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಇದೇ ಧಾರವಾಡದ ಕಲ್ಯಾಣ ನಗರದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಮಾತಿನ ಸ್ವಾತಂತ್ರ್ಯದ ಬಗ್ಗೆ ಓದಲು ಹೊರಟವರು ಆ ದಿನವನ್ನು ದಾಟಿ ಹೋಗಲಾಗದು.

ಒಂದು ಪ್ರಶ್ನೆಯನ್ನು ಹೇಗೆ ಬಿಡಿಸುವುದು ಎಂದು ತೋರಿಸಲು ನರಗುಂದ-ನವಲಗುಂದವನ್ನೇ ತೆಗೆದುಕೊಳ್ಳುತ್ತೇನೆ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಬೀದಿಗಿಳಿದಾಗ ಗೋಲಿಬಾರ್ ಆಯಿತು, ರೈತರು ಸತ್ತರು. ಇಂದಿಗೂ ಆ ದಿನ ಎರಡೂ ಊರುಗಳಲ್ಲಿ ಹುತಾತ್ಮ ದಿನ ಆಚರಿಸುತ್ತಾರೆ. ಇಪ್ಪತ್ತೆಂಟು ವರ್ಷದ ನಂತರ, 2008ರ ಜೂನ್ 10ರಂದು, ಗೊಬ್ಬರಕ್ಕಾಗಿ ಸೇರಿದ್ದ ರೈತರ ಮೇಲೆ ಹಾವೇರಿಯಲ್ಲಿ ಮತ್ತೆ ಗುಂಡು ಹಾರಿತು. ವಿದ್ಯಾರ್ಥಿ ಇಲ್ಲಿ ಕೇಳಬೇಕಾದದ್ದು: ಆಯಾ ದಿನ ಪೊಲೀಸರ ಕೈ ಕಟ್ಟುತ್ತಿದ್ದ ನಿಯಮ ಯಾವುದು? ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸೇರಿದ್ದು 1979ರ ಏಪ್ರಿಲ್‌ನಲ್ಲಿ. ಅಂದರೆ ನರಗುಂದದ ಗೋಲಿಬಾರ್ ಹೊತ್ತಿಗೆ ಜೀವದ ಹಕ್ಕಿನ 6ನೇ ವಿಧಿ, ಶಾಂತಿಯುತವಾಗಿ ಸಭೆ ಸೇರುವ 21ನೇ ವಿಧಿ ಎರಡೂ ನಮ್ಮ ಸರ್ಕಾರವನ್ನು ಕಟ್ಟಿಹಾಕಿದ್ದವು. ತೀರಾ ಅನಿವಾರ್ಯವಾದಾಗ ಮಾತ್ರ ಬಲ ಬಳಸಬೇಕೆನ್ನುವ ವಿಶ್ವಸಂಸ್ಥೆಯ ನಡತೆ ಸಂಹಿತೆಯೂ 1979ರ ಡಿಸೆಂಬರಿನಲ್ಲಿ ಬಂದಿತ್ತು. ಆದರೆ ಬಂದೂಕಿನ ಬಳಕೆಗೆ ವಿವರವಾದ ತತ್ವಗಳನ್ನು ಹವಾನಾದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಒಪ್ಪಿದ್ದು 1990ರಲ್ಲಿ. ಹಾಗಾಗಿ 1980ರ ಘಟನೆಯನ್ನು ಹವಾನಾ ತತ್ವಗಳಿಂದ ಅಳೆದರೆ ನಿಮ್ಮ ಪ್ರಬಂಧ ಅಲ್ಲೇ ಬಿದ್ದುಹೋಗುತ್ತದೆ. 2008ರದ್ದನ್ನು ಅಳೆಯದಿದ್ದರೂ ಅಷ್ಟೇ. ಯಾವ ಘಟನೆಗೆ ಯಾವ ಕಾಲದ ಯಾವ ನಿಯಮ ಎನ್ನುವ ಈ ಎಚ್ಚರ ಬಂದರೆ ಅರ್ಧ ವಿಷಯ ಕಲಿತಂತೆಯೇ.

ಎರಡನೆಯ ಹೆಜ್ಜೆ: ಪ್ರಶ್ನೆಗೆ ಒಪ್ಪುವ ಬಾಗಿಲು

ಮಾನವ ಹಕ್ಕಿಗೆ ಕಾನೂನು, ರಾಜ್ಯಶಾಸ್ತ್ರ, ಸಮಾಜಕಾರ್ಯ, ಸಮಾಜಶಾಸ್ತ್ರ, ಪತ್ರಿಕೋದ್ಯಮ ಯಾವ ಬಾಗಿಲಿನಿಂದಲೂ ಬರಬಹುದು. ನಿಮ್ಮ ಪ್ರಶ್ನೆಗೆ ಉತ್ತರ ಕೋರ್ಟಿನಲ್ಲಿ ಸಿಗುವಂಥದ್ದಾದರೆ ಕಾನೂನು ಓದಿ. ಜನರ ನಡುವೆ ಕೆಲಸ ಮಾಡಿ ಪರಿಹಾರ ಕೊಡಿಸಬೇಕೆಂದಿದ್ದರೆ ಸಮಾಜಕಾರ್ಯ. ಸರ್ಕಾರ ಹೀಗೇಕೆ ನಡೆದುಕೊಳ್ಳುತ್ತದೆ ಎನ್ನುವುದು ಕಾಡುತ್ತಿದ್ದರೆ ರಾಜ್ಯಶಾಸ್ತ್ರ.

ಕಾನೂನು ಓದುವವರಿಗೆ ನಮ್ಮ ಸೀಮೆಯಷ್ಟು ಅನುಕೂಲ ರಾಜ್ಯದಲ್ಲಿ ಬೇರೆ ಕಡೆ ಸಿಗುವುದು ಕಡಿಮೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯ ನವನಗರದಲ್ಲೇ ಇದೆ, ಚಿಗರಿ ಬಸ್ಸಿನಲ್ಲಿ ಹೋಗಿ ಇಳಿಯಬಹುದು. ಧಾರವಾಡದ ಸರ್ ಸಿದ್ದಪ್ಪ ಕಂಬಳಿ ಕಾನೂನು ಕಾಲೇಜು, ಹುಬ್ಬಳ್ಳಿಯ ಕೋತಂಬ್ರಿ ಕಾನೂನು ಕಾಲೇಜು, ಗದಗಿನ ಮಾನ್ವಿ ಕಾನೂನು ಕಾಲೇಜು, ರಾಣೆಬೆನ್ನೂರಿನ ಆರ್‌ಟಿಇಎಸ್ ಕಾನೂನು ಕಾಲೇಜು ಇವೆ. ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕೋರ್ಸು, ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌ಬಿ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಬೇಕು.

ಸಮಾಜ ವಿಜ್ಞಾನಗಳಿಗೆ 1949ರಿಂದ ನಡೆದುಬಂದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಗ್ರಾಮ ಸಭೆ, ನೀರು, ಉದ್ಯೋಗ ಖಾತ್ರಿ ಇಂಥ ಪ್ರಶ್ನೆ ಇಟ್ಟುಕೊಂಡವರು ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವನ್ನೂ ಹೋಗಿ ನೋಡಬೇಕು. ಎಲ್ಲಿ ಸೇರಿದರೂ ಸೇರುವ ಮೊದಲು ಮೂರು ಕೆಲಸ ಮಾಡಿ. ಆ ವರ್ಷದ ಪಠ್ಯಕ್ರಮ ತರಿಸಿಕೊಂಡು ಹಕ್ಕುಗಳ ಬಗ್ಗೆ ಎಷ್ಟು ಪತ್ರಿಕೆಗಳಿವೆ, ಕ್ಷೇತ್ರಕಾರ್ಯಕ್ಕೆ ಎಷ್ಟು ಅಂಕ ಎಂದು ನೋಡಿ. ಅದನ್ನು ಕಲಿಸುವವರು ಯಾರು, ಈಚೆಗೆ ಏನು ಬರೆದಿದ್ದಾರೆ ಎಂದು ವಿಚಾರಿಸಿ. ಹಿಂದಿನ ಬ್ಯಾಚಿನ ಇಬ್ಬರನ್ನು ಹಿಡಿದು ಕ್ಲಾಸುಗಳು ನಿಜಕ್ಕೂ ನಡೆಯುತ್ತವೆಯೇ ಎಂದು ಕೇಳಿ. ಕಟ್ಟಡ ಎಷ್ಟು ದೊಡ್ಡದಿದ್ದರೂ ಈ ಮೂರರ ಮುಂದೆ ಲೆಕ್ಕಕ್ಕಿಲ್ಲ.

ಹೆಸರಿನಲ್ಲೇ ಮಾನವ ಹಕ್ಕು ಇರುವ ಪದವಿ ಬೇಕೆಂದರೆ, ಮುಖ್ಯ ಪದವಿಯ ಜೊತೆಗೆ ಅಥವಾ ಅದರ ನಂತರ ಮಾಡಿ. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿಗೆ ಪಿಯುಸಿ ಸಾಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮಾನವ ಹಕ್ಕುಗಳ ಕಾನೂನಿನಲ್ಲಿ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತ ಬಂದಿದೆ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ವಿಷಯದ್ದೇ ಎಲ್‌ಎಲ್‌ಎಂ ಇದೆ. ಬರೀ ಡಿಪ್ಲೊಮಾದ ಮೇಲೆ ನೌಕರಿ ಸಿಕ್ಕೀತೆಂದು ಮಾತ್ರ ನಂಬಬೇಡಿ. ಎಲ್‌ಎಲ್‌ಬಿ ಅಥವಾ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಜೊತೆಗಿದ್ದರೆ ಅದಕ್ಕೆ ತೂಕ ಬರುತ್ತದೆ.

ಮೂರನೆಯ ಹೆಜ್ಜೆ: ಮೂಲ ಪಠ್ಯವನ್ನೇ ಓದುವುದು

ಗೈಡು, ನೋಟ್ಸು ಪರೀಕ್ಷೆಯ ಹಿಂದಿನ ರಾತ್ರಿಗೆ ಇರಲಿ. ಮೊದಲ ಸೆಮಿಸ್ಟರಿನಲ್ಲೇ ಓದಿ ಮುಗಿಸಬೇಕಾದ ಮೂಲ ಪಠ್ಯಗಳು ಬೆರಳೆಣಿಕೆಯಷ್ಟೇ. 1948ರ ಡಿಸೆಂಬರ್ 10ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ 30 ವಿಧಿಗಳಿವೆ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಅದರ ಕನ್ನಡ ಪಠ್ಯವನ್ನೂ ಇಟ್ಟಿದೆ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಆಮೇಲೆ 1966ರ ಎರಡು ಒಡಂಬಡಿಕೆಗಳು (ನಾಗರಿಕ-ರಾಜಕೀಯ ಹಕ್ಕುಗಳದ್ದು ಒಂದು, ಆರ್ಥಿಕ-ಸಾಮಾಜಿಕ-ಸಾಂಸ್ಕೃತಿಕ ಹಕ್ಕುಗಳದ್ದು ಇನ್ನೊಂದು), ಸಂವಿಧಾನದ ಮೂರು ಮತ್ತು ನಾಲ್ಕನೆಯ ಭಾಗಗಳು (ಮೂಲಭೂತ ಹಕ್ಕುಗಳು, ನಿರ್ದೇಶಕ ತತ್ವಗಳು), 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ.

ಇವನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದಾಗಲೇ ವಿಷಯ ತೆರೆದುಕೊಳ್ಳುತ್ತದೆ. ಒಂದು ನಿದರ್ಶನ ಕೊಡುತ್ತೇನೆ. ಅಕ್ರಮವಾಗಿ ಬಂಧಿಸಲ್ಪಟ್ಟವರಿಗೆ ಪರಿಹಾರ ಕೇಳುವ ಹಕ್ಕಿದೆ ಎಂದು ನಾಗರಿಕ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಹೇಳುತ್ತದೆ. ಭಾರತ ಒಡಂಬಡಿಕೆಗೆ ಸೇರುವಾಗ, ನಮ್ಮ ಕಾನೂನಿನಲ್ಲಿ ಸರ್ಕಾರದಿಂದ ಅಂಥ ಪರಿಹಾರ ಕೇಳುವ ಹಕ್ಕಿಲ್ಲ ಎಂದು ಷರತ್ತು ಬರೆದಿಟ್ಟಿತು. ಒಡಿಶಾದ ಒಬ್ಬ ತಾಯಿ ತನ್ನ ಮಗ ಪೊಲೀಸ್ ವಶದಲ್ಲಿ ಸತ್ತನೆಂದು ಸುಪ್ರೀಂ ಕೋರ್ಟಿಗೆ ಪತ್ರ ಬರೆದಳು. ಕೋರ್ಟು ಅದನ್ನೇ ರಿಟ್ ಅರ್ಜಿಯಾಗಿ (ಹಕ್ಕಿನ ರಕ್ಷಣೆಗೆ ನೇರವಾಗಿ ಮೇಲಿನ ಕೋರ್ಟಿಗೆ ಹಾಕುವ ಅರ್ಜಿ) ಎತ್ತಿಕೊಂಡು 1993ರಲ್ಲಿ, ನೀಲಬತಿ ಬೆಹೆರಾ ಪ್ರಕರಣವೆಂದು ಹೆಸರಾದ ಆ ತೀರ್ಪಿನಲ್ಲಿ, ಅದೇ 9ನೇ ವಿಧಿಯನ್ನು ಉಲ್ಲೇಖಿಸಿ 1,50,000 ರೂಪಾಯಿ ಪರಿಹಾರ ಕೊಡಿಸಿತು. ಸರ್ಕಾರ ಷರತ್ತು ಹಾಕಿ ಮುಚ್ಚಿದ ಬಾಗಿಲನ್ನು ಕೋರ್ಟು ನಮ್ಮ ಸಂವಿಧಾನದ ಜೀವದ ಹಕ್ಕಿನ 21ನೇ ವಿಧಿಯ ಬಲದಿಂದ ತೆರೆದದ್ದು ಹೀಗೆ. ಬರೀ ಒಡಂಬಡಿಕೆ ಓದಿದವರಿಗಾಗಲಿ, ಬರೀ ತೀರ್ಪು ಓದಿದವರಿಗಾಗಲಿ ಈ ಕಥೆ ಪೂರ್ತಿ ಸಿಗುವುದಿಲ್ಲ.

1993ರ ಕಾಯ್ದೆಯಲ್ಲಿ ಮೂರು ಕಲಂಗಳನ್ನು ಗುರುತು ಹಾಕಿಕೊಳ್ಳಿ. 2ನೇ ಕಲಂ ವ್ಯಾಖ್ಯೆ ಕೊಡುತ್ತದೆ: ಸಂವಿಧಾನ ಖಾತರಿ ಮಾಡಿದ ಅಥವಾ ಅಂತರರಾಷ್ಟ್ರೀಯ ಒಡಂಬಡಿಕೆಗಳಲ್ಲಿದ್ದು ಭಾರತದ ಕೋರ್ಟುಗಳು ಜಾರಿ ಮಾಡಬಲ್ಲ ಹಕ್ಕುಗಳು. 30ನೇ ಕಲಂ ಪ್ರತಿ ಜಿಲ್ಲೆಯಲ್ಲೂ ಒಂದು ಸೆಷನ್ಸ್ ಕೋರ್ಟನ್ನು ಮಾನವ ಹಕ್ಕುಗಳ ನ್ಯಾಯಾಲಯವೆಂದು ಗುರುತಿಸಲು ಅವಕಾಶ ಕೊಡುತ್ತದೆ. ಘಟನೆ ನಡೆದು ಒಂದು ವರ್ಷ ಕಳೆದರೆ ಮಾನವ ಹಕ್ಕುಗಳ ಆಯೋಗ ವಿಚಾರಣೆ ಮಾಡುವಂತಿಲ್ಲ ಎನ್ನುತ್ತದೆ 36ನೇ ಕಲಂ. ಈ ಒಂದು ವರ್ಷದ ಗಡುವು ಗೊತ್ತಿಲ್ಲದೆ ಎಷ್ಟೋ ಬಡವರ ದೂರುಗಳು ಹೊಸ್ತಿಲಲ್ಲೇ ವಾಪಸ್ಸಾಗುತ್ತವೆ. ನೀವು ಓದಿ ತಿಳಿದದ್ದನ್ನು ನಿಮ್ಮ ಊರಿನವರಿಗೆ ಹೇಳಬೇಕಾದ ಮೊದಲ ಮಾತು ಇದೇ ಆಗಲಿ.

ನಾಲ್ಕನೆಯ ಹೆಜ್ಜೆ: ತೀರ್ಪು ಓದುವ ರೂಢಿ

ವಾರಕ್ಕೆ ಒಂದೇ ತೀರ್ಪು ಸಾಕು, ಆದರೆ ಪೂರ್ತಿ ಓದಬೇಕು. ಸುಪ್ರೀಂ ಕೋರ್ಟಿನ ತಾಣದಲ್ಲಿ, ಇಂಡಿಯನ್ ಕಾನೂನ್ ತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. 2019ರಿಂದ ಕೆಲವು ತೀರ್ಪುಗಳ ಕನ್ನಡ ಅನುವಾದವನ್ನೂ ಸುಪ್ರೀಂ ಕೋರ್ಟ್ ಹಾಕುತ್ತಿದೆ. ಇಂಗ್ಲಿಷ್ ಕಷ್ಟವೆನಿಸಿದರೆ ಮೊದಲು ಕನ್ನಡದಲ್ಲಿ ಓದಿ ಆಮೇಲೆ ಇಂಗ್ಲಿಷಿಗೆ ಹೋಗಿ, ಹಿಂಜರಿಯುವ ಕಾರಣವೇ ಇಲ್ಲ. ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆದುಕೊಳ್ಳಿ: ಏನು ನಡೆಯಿತು, ಕೋರ್ಟಿನ ಮುಂದಿದ್ದ ಪ್ರಶ್ನೆ ಏನು, ಯಾವ ವಿಧಿ ಅಥವಾ ಕಲಂ, ಕೊಟ್ಟ ಕಾರಣ ಏನು, ನ್ಯಾಯ ಕೇಳಿ ಬಂದವರಿಗೆ ಕೊನೆಗೆ ಸಿಕ್ಕಿದ್ದೇನು.

ಈ ಐದನೆಯ ಸಾಲನ್ನು ಪಠ್ಯಪುಸ್ತಕಗಳು ಬಿಟ್ಟುಬಿಡುತ್ತವೆ. ಮುಂಬೈಯ ಫುಟ್‌ಪಾತ್ ನಿವಾಸಿಗಳ ಓಲ್ಗಾ ಟೆಲ್ಲಿಸ್ ತೀರ್ಪು, 1985ರದ್ದು, ಜೀವನೋಪಾಯದ ಹಕ್ಕು ಜೀವದ ಹಕ್ಕಿನ ಭಾಗವೆಂದು ಸಾರಿತು. ಎಲ್ಲ ಪುಸ್ತಕಗಳಲ್ಲೂ ಇಷ್ಟು ಇದೆ. ಅದೇ ತೀರ್ಪಿನ ಕೊನೆಯ ಪುಟಗಳಲ್ಲಿ, ಮಳೆಗಾಲ ಮುಗಿದು ಅಕ್ಟೋಬರ್ 31 ಆಗುವವರೆಗೆ ಗುಡಿಸಲು ಕೀಳಬೇಡಿ ಎಂದು ಕೋರ್ಟು ತಡೆದಿದೆ. ಹಕ್ಕು ಒಪ್ಪಿಕೊಂಡರೂ ಗುಡಿಸಲು ಉಳಿಯಲಿಲ್ಲ. ಇದನ್ನು ಓದಿದ ಮೇಲೆ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ತಳ್ಳುಗಾಡಿಯವರ ಜೊತೆ ಮಾತಾಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ ಮುಗಿಯದೆ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕೆನ್ನುತ್ತದೆ. ಸಮೀಕ್ಷೆಯಾಗಿದೆಯೇ, ವ್ಯಾಪಾರದ ಪ್ರಮಾಣಪತ್ರ ಸಿಕ್ಕಿದೆಯೇ, ಸಮಿತಿಯಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಕೇಳಿದರೆ 1985ರ ತೀರ್ಪಿನಿಂದ ಇವತ್ತಿನವರೆಗಿನ ದಾರಿ ಎಷ್ಟು ಉದ್ದ ಅನ್ನುವುದು ತಿಳಿಯುತ್ತದೆ.

ಮೊದಲ ವರ್ಷಕ್ಕೆ ನಾನು ಹೇಳುವ ಇನ್ನಷ್ಟು: ಪಾಸ್‌ಪೋರ್ಟ್ ಕಿತ್ತುಕೊಂಡ ಪ್ರಕರಣದ ಮನೇಕಾ ಗಾಂಧಿ (1978), ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿಶಾಖಾ (1997), ಬಂಧನದ ಹೊತ್ತಿನ ನಿಯಮ ಹಾಕಿಕೊಟ್ಟ ಡಿ.ಕೆ. ಬಸು, ಲಿಂಗತ್ವ ಅಲ್ಪಸಂಖ್ಯಾತರ ನಾಲ್ಸಾ (2014), ಖಾಸಗಿತನದ ಪುಟ್ಟಸ್ವಾಮಿ (2017). ಈ ಕೊನೆಯ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಹಳೆಯ ನೋಟ್ಸಿನ ಬಗ್ಗೆ ಒಂದು ಎಚ್ಚರಿಕೆ ಇದೆ. 2024ರ ಜುಲೈ 1ರಿಂದ, ಅಪರಾಧ ಪ್ರಕರಣಗಳ ವಿಧಾನ ಹೇಳುವ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ಹಳೆಯ 57ನೇ ಕಲಂ ಈಗ 58, ವಕೀಲರನ್ನು ಕಾಣುವ ಹಕ್ಕಿನ 41ಡಿ ಈಗ 38. ಸೀನಿಯರ್ ಕೊಟ್ಟ ಜೆರಾಕ್ಸ್ ನಂಬಿ ಹಳೆಯ ಸಂಖ್ಯೆ ಬರೆದರೆ ಅಂಕ ಹೋಗುವುದು ಸಣ್ಣ ಮಾತು. ಠಾಣೆಯಲ್ಲಿ ಒಬ್ಬರ ಪರವಾಗಿ ನಿಂತು ಮಾತಾಡುವಾಗ ತಪ್ಪಿದರೆ ಅವರಿಗೇ ಪೆಟ್ಟು.

ಐದನೆಯ ಹೆಜ್ಜೆ: ಕಚೇರಿ, ಕೋರ್ಟು, ಅರ್ಜಿ

ಓದಿದ ಸಂಸ್ಥೆಗಳನ್ನು ಕಣ್ಣಾರೆ ನೋಡಿ. ಹೈಕೋರ್ಟಿನ ಧಾರವಾಡ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಕಾಲೇಜಿನ ಗುರುತಿನ ಚೀಟಿ, ವಿಭಾಗದ ಪತ್ರ ಇಟ್ಟುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ರಿಟ್ ಅರ್ಜಿಗಳ ವಾದ ಕೇಳಿ.

ಅದಕ್ಕಿಂತ ಹೆಚ್ಚು ಕಲಿಯುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. 1987ರ ಕಾಯ್ದೆಯಡಿ ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯಬಹುದು. ಅಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರನ್ನು ಆರಿಸಿಕೊಳ್ಳುತ್ತಾರೆ, ವಿದ್ಯಾರ್ಥಿಗಳಿಗೂ ಅವಕಾಶವಿದೆ. ಕಾರ್ಯದರ್ಶಿಯವರಿಗೆ ಒಂದು ಪುಟದ ಅರ್ಜಿ ಕೊಟ್ಟು ಮುಂದಿನ ಆಯ್ಕೆ ಯಾವಾಗ ಎಂದು ಕೇಳಿ. ಹಳ್ಳಿಯ ಒಬ್ಬ ಅಜ್ಜಿಗೆ ಪಿಂಚಣಿಯ ಅರ್ಜಿ ಬರೆದುಕೊಡುವಾಗ ಎಷ್ಟು ಕಾಗದ, ಎಷ್ಟು ಕಚೇರಿ, ಎಷ್ಟು ಬಸ್‌ಚಾರ್ಜು ಬೇಕಾಗುತ್ತದೆಂದು ತಿಳಿದವರು, ಸಾಮಾಜಿಕ ಭದ್ರತೆಯ ಹಕ್ಕಿನ ಬಗ್ಗೆ ಬರೆಯುವ ರೀತಿಯೇ ಬೇರೆಯಾಗುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಬರೆಯುವುದನ್ನು ಮೊದಲ ವರ್ಷವೇ ಕಲಿಯಿರಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಿದರೆ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ "ಏಕೆ ಮಾಡಲಿಲ್ಲ?" ಎಂದು ಜಗಳ ತೆಗೆಯಬೇಡಿ, ದಾಖಲೆ ಕೇಳಿ. "ಇಂಥ ತಾಲ್ಲೂಕಿನಲ್ಲಿ ಇಂಥ ವರ್ಷ ಕನಿಷ್ಠ ವೇತನ ತಪಾಸಣೆ ಮಾಡಿದ ವರದಿಗಳ ಪ್ರತಿ ಕೊಡಿ" ಎಂದರೆ ತಪ್ಪಿಸಿಕೊಳ್ಳುವುದು ಕಷ್ಟ. 30 ದಿನದಲ್ಲಿ ಉತ್ತರ ಬರಬೇಕು. ಜೀವ ಮತ್ತು ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಬಾರದಿದ್ದರೆ ಮೇಲ್ಮನವಿ ಹಾಕಿ, ಆ ಕಾಗದಗಳೂ ನಿಮ್ಮ ಪ್ರಬಂಧಕ್ಕೆ ಆಧಾರವೇ.

ಹಳೆಯ ಘಟನೆಗಳಿಗೆ ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕದ ಹಳೆಯ ಸಂಚಿಕೆಗಳು, ವಿಧಾನಸಭೆಯ ಚರ್ಚೆಗಳ ಸಂಪುಟಗಳು, ಕರ್ನಾಟಕ ವಿಶ್ವವಿದ್ಯಾಲಯದ ಬಸವನಾಳ ಗ್ರಂಥಾಲಯ ನೆರವಾಗುತ್ತವೆ. ಪತ್ರಿಕೆ ಒಂದು ಮಾತು ಹೇಳುತ್ತದೆ, ಮಂತ್ರಿಗಳು ಸದನದಲ್ಲಿ ಇನ್ನೊಂದು. ಎರಡನ್ನೂ ಬರೆದುಕೊಳ್ಳಿ.

ಆರನೆಯ ಹೆಜ್ಜೆ: ಜನರ ಮುಂದೆ ಹೋಗುವಾಗ

ಈ ಭಾಗವನ್ನು ಅವಸರದಲ್ಲಿ ಓದಬೇಡಿ. ಬೇರೆ ವಿಷಯದ ವಿದ್ಯಾರ್ಥಿ ಕ್ಷೇತ್ರಕಾರ್ಯದಲ್ಲಿ ತಪ್ಪಿದರೆ ಅಂಕ ಕಳೆದುಕೊಳ್ಳುತ್ತಾನೆ. ನೀವು ತಪ್ಪಿದರೆ ಯಾರೋ ಒಬ್ಬರ ಕೂಲಿ ಹೋಗಬಹುದು, ಮರ್ಯಾದೆ ಹೋಗಬಹುದು.

ಮೆಣಸಿನಕಾಯಿ ಕೋಣೆಯೊಳಗೆ ಕಾಲಿಟ್ಟರೆ ಘಾಟಿಗೆ ಕೆಮ್ಮು ಬರುತ್ತದೆ, ಕಣ್ಣು ಉರಿಯುತ್ತದೆ. ತಲೆಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಹೆಣ್ಣುಮಕ್ಕಳು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿರುತ್ತಾರೆ. ಅಲ್ಲಿ ನಿಂತು ಪ್ರಶ್ನಾವಳಿ ತೆಗೆದರೆ ಕೆಲಸ ಮಾಡಿಸುವ ಮುಕಾದಮ ನೋಡುತ್ತಾನೆ, ಉತ್ತರ ಅವನಿಗೆ ಕೇಳಿಸುವಂತೆ ಬರುತ್ತದೆ: "ಎಲ್ಲಾ ಚಲೋ ಐತ್ರಿ." ಸಂಜೆ ಅವರ ಓಣಿಗೆ ಹೋಗಿ, ಕಟ್ಟೆಯ ಮೇಲೆ ಕುಳಿತು ಮಾತಾಡಿದರೆ ಬೇರೆ ಮಾತು ಬರುತ್ತದೆ: "ಹೆಸರ ಬರೀಬ್ಯಾಡ ಯವ್ವಾ, ನಾಳೆ ಕೆಲಸಕ್ಕ ಕರೀಲಿಲ್ಲಂದ್ರ ಹೊಟ್ಟಿಗೇನ್ ಮಾಡೋದು?" ಆ ಮಾತನ್ನು ಪಾಲಿಸಲೇಬೇಕು. ಹೆಸರು ಮಾತ್ರ ಬದಲಿಸಿದರೆ ಸಾಲದು. ಓಣಿ, ಮಕ್ಕಳ ಸಂಖ್ಯೆ, ಗಂಡನ ಕೆಲಸ ಎಲ್ಲ ಬರೆದರೆ ಸಣ್ಣ ಊರಿನಲ್ಲಿ ಯಾರೆಂದು ಗೊತ್ತಾಗಿಯೇ ಹೋಗುತ್ತದೆ.

ಯಾವ ಕಾರಣಕ್ಕೆ ಕೇಳುತ್ತಿದ್ದೀರಿ, ಬರೆದದ್ದು ಎಲ್ಲಿಗೆ ಹೋಗುತ್ತದೆ, ಯಾವಾಗ ಬೇಕಾದರೂ ಮಾತು ನಿಲ್ಲಿಸಬಹುದು ಎನ್ನುವುದನ್ನು ಅವರ ಮಾತಿನಲ್ಲೇ ಮೊದಲು ಹೇಳಿ. ಕೂಲಿ ಹೆಚ್ಚಿಸುತ್ತೇನೆ, ಕೇಸು ಗೆಲ್ಲಿಸುತ್ತೇನೆ ಎಂದು ಭರವಸೆ ಕೊಡಬೇಡಿ. ಫೋಟೊ, ರೆಕಾರ್ಡಿಂಗ್ ಒಪ್ಪಿಗೆ ಇಲ್ಲದೆ ಬೇಡವೇ ಬೇಡ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು, ಬಾಲನ್ಯಾಯ ಕಾಯ್ದೆಯ ಅಡಿ ಬರುವ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧ. ಬಾಲಮಂದಿರ, ಸ್ವೀಕಾರ ಕೇಂದ್ರ, ಕಾರಾಗೃಹಗಳಿಗೆ ವಿಭಾಗದ ಮುಖಾಂತರ ಲಿಖಿತ ಅನುಮತಿ ತೆಗೆದುಕೊಂಡೇ ಹೋಗಿ. ಮಗುವೋ ಹೆಣ್ಣುಮಗಳೋ ಈಗಲೇ ಅಪಾಯದಲ್ಲಿದ್ದಾರೆಂದು ಗೊತ್ತಾದರೆ ಪ್ರಶ್ನಾವಳಿ ಪಕ್ಕಕ್ಕಿಟ್ಟು ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಕಾನೂನು ನೆರವಿಗೆ 15100 ಡಯಲ್ ಮಾಡಿ. ಈ ಮೂರು ಸಂಖ್ಯೆ ನಿಮ್ಮ ಡೈರಿಯ ಮೊದಲ ಪುಟದಲ್ಲಿರಲಿ.

ನಿಮ್ಮದೇ ಜಾತಿ, ನಿಮ್ಮದೇ ಓಣಿಯವರು ತಪ್ಪು ಮಾಡಿದ ಪ್ರಕರಣ ಬಂದಾಗಲೂ ಇದೇ ಅಳತೆ ಇಟ್ಟುಕೊಳ್ಳುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮನೆಯಲ್ಲಿ ಮುಸುರೆ ತಿಕ್ಕಲು ಬರುವ ಅಕ್ಕನ ಕೂಲಿಯನ್ನೂ, ಊರಿನ ಹೋಟೆಲ್ಲಿನಲ್ಲಿ ಯಾರಿಗೆ ಚಹಾ ಹೊರಗೆ ಕೊಡುತ್ತಾರೆ ಎನ್ನುವುದನ್ನೂ ನೋಡದೆ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯಿರುವ ಜಿನೀವಾದ ಬಗ್ಗೆ ಬರೆಯುವ ಪ್ರಬಂಧಗಳು ನನಗೆ ಸಾಕಾಗಿವೆ.

ಏಳನೆಯ ಹೆಜ್ಜೆ: ಖರ್ಚು, ವಸತಿ, ಭಾಷೆ

ವಿದ್ಯಾರ್ಥಿವೇತನಗಳಿಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ತಾಣದಲ್ಲಿ ಅರ್ಜಿ ಹಾಕಬೇಕು. ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಹೆಸರು, ಅಂಕಪಟ್ಟಿಯ ಹೆಸರು ಒಂದೇ ತೆರನಾಗಿರಲಿ. ಒಂದು ಇನಿಶಿಯಲ್ ತಪ್ಪಿದ್ದಕ್ಕೆ ಅರ್ಜಿ ನಿಂತುಹೋಗುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ-ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿವೆ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ತಲೆಮಾರುಗಳೇ ಇವೆ.

ಇಂಗ್ಲಿಷಿಗೆ ಹೆದರಿ ವಿಷಯವನ್ನೇ ಬಿಡಬೇಡಿ. ಒಂದು ಪಾರಿಭಾಷಿಕ ಪದ, ಅದರ ಕನ್ನಡ, ಅದು ಬಂದ ತೀರ್ಪು ಹೀಗೆ ಮೂರು ಕಾಲಂ ಹಾಕಿ ದಿನಕ್ಕೆ ನಾಲ್ಕು ಪದ ಬರೆದುಕೊಂಡರೆ ವರ್ಷದೊಳಗೆ ಓದು ಹಗುರಾಗುತ್ತದೆ. ಕನ್ನಡದಲ್ಲಿ ಚೆನ್ನಾಗಿ ಅರ್ಜಿ ಬರೆಯಬಲ್ಲವರಿಗೆ ಈ ಕ್ಷೇತ್ರದಲ್ಲಿ ಬಹಳ ಬೆಲೆಯಿದೆ, ಏಕೆಂದರೆ ದೂರು ಕೊಡುವವರು ಮಾತಾಡುವುದು ಕನ್ನಡದಲ್ಲಿ.

ಎಂಟನೆಯ ಹೆಜ್ಜೆ: ಇಂಟರ್ನ್‌ಶಿಪ್, ನೌಕರಿ

ದಿಲ್ಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಬೇಸಿಗೆ, ಚಳಿಗಾಲದ ಇಂಟರ್ನ್‌ಶಿಪ್ ಜೊತೆಗೆ ಆನ್‌ಲೈನಿನಲ್ಲಿ ಕಿರು ಅವಧಿಯದ್ದನ್ನೂ ನಡೆಸುತ್ತದೆ. ಊರು ಬಿಟ್ಟು ಹೋಗಲಾಗದವರು ಆನ್‌ಲೈನಿಗೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿ "ಸಮಾಜಸೇವೆಯಲ್ಲಿ ಆಸಕ್ತಿ ಇದೆ" ಎಂದು ಬರೆಯುವ ಬದಲು, ಮೊದಲ ಹೆಜ್ಜೆಯ ಅರ್ಧ ಪುಟವನ್ನೂ ನೀವು ಹಾಕಿದ ಒಂದು ಮಾಹಿತಿ ಹಕ್ಕು ಅರ್ಜಿಯ ಫಲವನ್ನೂ ಬರೆಯಿರಿ.

ಇನ್ನು ಮನೆಯವರ ಪ್ರಶ್ನೆ. ಎಲ್‌ಎಲ್‌ಬಿ ಇದ್ದರೆ ವಕೀಲಿ, ಸಿವಿಲ್ ನ್ಯಾಯಾಧೀಶರ ಪರೀಕ್ಷೆ, ಸರ್ಕಾರಿ ಅಭಿಯೋಜಕರ ಹುದ್ದೆ. ಎಂಎಸ್‌ಡಬ್ಲ್ಯು ಇದ್ದರೆ ಮಕ್ಕಳ ರಕ್ಷಣಾ ಘಟಕ, ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ, ಸ್ವಯಂಸೇವಾ ಸಂಸ್ಥೆಗಳು. ಕಲಿಸುವ ಮನಸ್ಸಿದ್ದರೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಮಾನವ ಹಕ್ಕುಗಳು ಮತ್ತು ಕರ್ತವ್ಯಗಳು ಎಂಬ ಪ್ರತ್ಯೇಕ ವಿಷಯವೇ ಇದೆ. ಆದರೆ ನಮ್ಮ ಕಡೆ ಆ ಹೆಸರಿನ ಅಧ್ಯಾಪಕ ಹುದ್ದೆಗಳು ತೀರಾ ಕಡಿಮೆ. ಆದ್ದರಿಂದ ರಾಜ್ಯಶಾಸ್ತ್ರದಲ್ಲೋ ಸಮಾಜಕಾರ್ಯದಲ್ಲೋ ನೆಟ್ ಬರೆಯುವುದು ಜಾಣತನ. ಸ್ವಯಂಸೇವಾ ಸಂಸ್ಥೆಗಳ ಸಂಬಳ ಮೊದಮೊದಲು ಕಡಿಮೆ, ಯೋಜನೆ ಮುಗಿದರೆ ನೌಕರಿಯೂ ಮುಗಿಯಬಹುದು. ಮನೆಯಲ್ಲಿ ಸಾಲ ಇರುವವರು, ಹಿರಿ ಮಗನೋ ಮಗಳೋ ಆಗಿರುವವರು ಇದನ್ನು ಮುಚ್ಚಿಡದೆ ಅಪ್ಪ-ಅವ್ವನ ಮುಂದೆ ಇಟ್ಟು ಮಾತಾಡಿ.

ವಿದೇಶಕ್ಕೆ ಹೋಗುವ ಆಸೆಯಿದ್ದರೆ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ. ಅದಕ್ಕೂ ಕಾನೂನು ನೆರವಿನ ಕೆಲಸ, ಕ್ಷೇತ್ರದ ಟಿಪ್ಪಣಿಗಳು ಬೇಕಾಗುತ್ತವೆ. ಆದ್ದರಿಂದ ಹೋದ ಪ್ರತಿ ಕಡೆಯಿಂದ ತಾರೀಖು ಹಾಕಿದ ಒಂದು ಪ್ರಮಾಣಪತ್ರ ಕೇಳಿ ತೆಗೆದುಕೊಳ್ಳಿ, ಬರೆದ ವರದಿಯ ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ, ಇನ್ನೊಂದು ಪ್ರತಿಯನ್ನು ಯಾರ ಬಗ್ಗೆ ಬರೆದಿರೋ ಅವರ ಓಣಿಗೆ ಒಯ್ದು ಓದಿ ಹೇಳಿ.